ಮಾವನ ಪಾಸ್‌ವರ್ಡ್

ಹೊಸ ಪ್ರಿಂಟರ್ ಬಂದು ಮೂರು ದಿನವಾಗಿತ್ತು. ರಟ್ಟಿನ ಪೆಟ್ಟಿಗೆಯಿಂದ ಇಳಿದು, ಮೈತುಂಬ ಅಂಟಿಸಿದ್ದ ನೀಲಿ ಪಟ್ಟಿಗಳನ್ನೆಲ್ಲ ಕಳಚಿಕೊಂಡು, ಕಿಟಕಿ ಪಕ್ಕದ ಮೇಜಿನ ಮೇಲೆ ಮುಖ ಗಂಟಿಕ್ಕಿಕೊಂಡು ಕೂತಿತ್ತೇ ಹೊರತು ಒಂದು ಹಾಳೆಯನ್ನೂ ಹೊರಗೆ ಹಾಕಿರಲಿಲ್ಲ. ಅದರ ತಂತ್ರಾಂಶವನ್ನು ಕಂಪ್ಯೂಟರಿಗೆ ಹಾಕಬೇಕಿತ್ತು. ಹಾಕಲು ಹೋದಾಗಲೆಲ್ಲ ತೆರೆ ಮಂಕಾಗಿ ನಡುವೆ ಒಂದು ಚೌಕ ಎದ್ದು ನಿಲ್ಲುತ್ತಿತ್ತು. ‘ಈ ಬದಲಾವಣೆಗೆ ನಿರ್ವಾಹಕರ ಅನುಮತಿ ಬೇಕು. ಮುಂದುವರಿಯಲು ಪಾಸ್‌ವರ್ಡ್ ನೀಡಿ.’

ಆ ಪಾಸ್‌ವರ್ಡ್ ಇದ್ದದ್ದು ಮಾವನ ಹತ್ತಿರ ಮಾತ್ರ.

ಆ ಪುಟ್ಟ ಪ್ರೆಸ್ಸಿನಲ್ಲಿ ಇದ್ದವರು ಮೂರೇ ಜನ. ಮಾವ, ಸೊಸೆ, ಮತ್ತು ಹದಿನೆಂಟು ವರ್ಷದಿಂದ ಪುಸ್ತಕ ಹೊಲಿಯುತ್ತ ಬಂದಿದ್ದ ಬೈಂಡರ್ ಅಕ್ಕ. ಮಾವ ಅಚ್ಚುಮೊಳೆಯ ಕಾಲದವರು. ಸೀಸದ ಅಕ್ಷರಗಳನ್ನು ಒಂದೊಂದಾಗಿ ಜೋಡಿಸುತ್ತ ಬೆರಳ ತುದಿ ಕಪ್ಪಾಗಿಸಿಕೊಂಡವರು, ಐವತ್ತೆಂಟನೆಯ ವಯಸ್ಸಿನಲ್ಲಿ ಹಟ ಹಿಡಿದು ಕೀಲಿಮಣೆ ಕಲಿತಿದ್ದರು. ಈಗ ಎಪ್ಪತ್ತೆರಡು. ಪುಟ ವಿನ್ಯಾಸ, ಮುಖಪುಟ, ಗಿರಾಕಿಗಳ ಜತೆ ಮಾತು ಎಲ್ಲವೂ ಸೊಸೆಯದು. ಕರಡು ತಿದ್ದುವುದು ಮತ್ತು ಕಂಪ್ಯೂಟರಿನ ಯಜಮಾನಿಕೆ ಮಾವನದು.

ಆ ಯಜಮಾನಿಕೆಗೆ ಕಾರಣವಿಲ್ಲದೆ ಇರಲಿಲ್ಲ. ಐದು ವರ್ಷದ ಹಿಂದೆ ಇದ್ದ ಹಳೆಯ ಕಂಪ್ಯೂಟರಿಗೆ ಬೀಗವೂ ಇರಲಿಲ್ಲ, ಬಾಗಿಲೂ ಇರಲಿಲ್ಲ. ಯಾರು ಕೂತರೂ ಅವರೇ ಅಡ್ಮಿನ್. ಆಗ ಅರ್ಧ ದಿನದ ಕೆಲಸಕ್ಕೆ ಬರುತ್ತಿದ್ದ ಚಿತ್ರಗಾರನೊಬ್ಬ ಬಿಟ್ಟಿ ಸಿಕ್ಕಿತೆಂದು ಎಂಥದೋ ಆಟ ಹಾಕಿದ. ಮೂರನೆಯ ದಿನ ಒಂದು ಕಡತವೂ ತೆರೆಯಲಿಲ್ಲ. ನಿವೃತ್ತ ಸಸ್ಯಶಾಸ್ತ್ರದ ಮೇಷ್ಟರೊಬ್ಬರ ಮುನ್ನೂರು ಪುಟದ ಗಿಡಮೂಲಿಕೆ ಪುಸ್ತಕ ನೀರಲ್ಲಿ ಹೋಮ ಮಾಡಿದಂತಾಯಿತು. ಆ ಮೇಷ್ಟರ ಮನೆಗೆ ಹೋಗಿ ಕೈಮುಗಿದು ನಿಂತವರು ಮಾವ. ಹೊಸ ಕಂಪ್ಯೂಟರ್ ಬಂದ ದಿನವೇ ತಾವೊಬ್ಬರೇ ಕೂತು ಎಲ್ಲ ಹೊಂದಿಸಿದರು. ನಿರ್ವಾಹಕರ ಖಾತೆ ತಮಗೊಂದು. ಸೊಸೆಗೆ ಸಾಧಾರಣ ಖಾತೆ. ಅದರಲ್ಲಿ ಬರೆಯಬಹುದು, ಬಿಡಿಸಬಹುದು, ಅಚ್ಚು ಹಾಕಬಹುದು, ಹೊಸದೇನನ್ನೂ ಸೇರಿಸುವಂತಿಲ್ಲ. ಏನಾದರೂ ಸೇರಿಸಬೇಕೆಂದರೆ ಮಾವ ಬಂದು, ಸೊಸೆಯನ್ನು ಕುರ್ಚಿಯಿಂದ ಎಬ್ಬಿಸಿ, ಕೀಲಿಮಣೆಗೆ ಮೈ ಅಡ್ಡ ಹಿಡಿದು ಟಪಟಪ ಒತ್ತಿ ಹೋಗುತ್ತಿದ್ದರು.

ತೆರೆಯ ಮೇಲೆ ‘ನಿರ್ವಾಹಕರು’ ಎಂಬುದನ್ನು ಮೊದಲ ಸಲ ಓದಿದ ಬೈಂಡರ್ ಅಕ್ಕ, “ಅಂದ್ರೆ ಬಸ್ಸಿನ ಕಂಡಕ್ಟರಾ?” ಎಂದು ಕೇಳಿದ್ದಳು. ಅಲ್ಲಿಂದ ಮಾವನಿಗೆ ಬೆನ್ನ ಹಿಂದೆ ಕಂಡಕ್ಟರ್ ಎಂದೇ ಹೆಸರಾಯಿತು. “ಕಂಡಕ್ಟರ್ ಸಾಹೇಬರು ರೈಟ್ ಅನ್ನದೆ ನಮ್ಮ ಬಸ್ಸು ಹೊರಡಲ್ಲಪ್ಪ” ಎಂದು ಅಕ್ಕ ಸೂಜಿಗೆ ದಾರ ಪೋಣಿಸುತ್ತ ನಗುತ್ತಿದ್ದಳು.

ಈ ಸಲ ರೈಟ್ ಬರಲೇ ಇಲ್ಲ.

ಸೋಮವಾರ ಹೆರಿಗೆ ಆಸ್ಪತ್ರೆಯ ಹೆಡ್ ನರ್ಸ್ ಬಂದಿದ್ದರು. ಮೊದಲ ಸಲ ತಾಯಂದಿರಾಗುವವರಿಗೆ ಇಪ್ಪತ್ತನಾಲ್ಕು ಪುಟದ ಕೈಪಿಡಿ, ಮುನ್ನೂರು ಪ್ರತಿ. ಶುಕ್ರವಾರ ಮಧ್ಯಾಹ್ನ ತರಬೇತಿ ಶುರು. “ನೋಡಮ್ಮ, ಮಗುಗೆ ಜ್ವರ ಬಂದ್ರೆ ಎಷ್ಟು ಹೊತ್ತು ಕಾಯಬಹುದು, ಯಾವಾಗ ಓಡಿ ಬರಬೇಕು ಅನ್ನೋದು ಇದರಲ್ಲಿದೆ. ಬಾಯಲ್ಲಿ ಹೇಳಿದ್ರೆ ಮನೆಗೆ ಹೋಗೋಷ್ಟರಲ್ಲಿ ಮರೆತಿರ್ತಾರೆ. ಕೈಯಲ್ಲೊಂದು ಪುಸ್ತಕ ಇರಲೇಬೇಕು” ಎಂದಿದ್ದರು. ಸೊಸೆ ಒಪ್ಪಿಕೊಂಡಿದ್ದಳು. ಅವತ್ತು ಸಂಜೆಯೇ ಹಳೆಯ ಪ್ರಿಂಟರ್ ಕೊನೆಯುಸಿರು ಎಳೆಯಿತು. ಮಾರನೆಯ ಬೆಳಿಗ್ಗೆ ಹೊಸದು ಬಂತು.

“ಮಾವ, ಪಾಸ್‌ವರ್ಡ್ ಹಾಕ್ತೀರಾ?”

“ಹಾಕ್ತೀನಮ್ಮ. ಮಷೀನು ಈಗಷ್ಟೆ ಬಂದಿದೆ, ಒಂದು ದಿನ ಸುಧಾರಿಸಿಕೊಳ್ಳಲಿ.”

ಯಂತ್ರಕ್ಕೆ ಸುಧಾರಿಸಿಕೊಳ್ಳುವುದು ಎಂದರೇನು ಎಂದು ಅವಳಿಗೆ ಹೊಳೆಯಲಿಲ್ಲ. ಬುಧವಾರ ಬೆಳಿಗ್ಗೆ ಮತ್ತೆ ಕೇಳಿದಳು. ಕಣ್ಣು ಉರಿಯುತ್ತಿದೆ ಎಂದರು. ಹತ್ತು ಗಂಟೆಗೆ ಕೇಳಿದಳು. ವಿದ್ಯುತ್ತು ಏರಿಳಿಯುತ್ತಿದೆ, ಈಗ ಬೇಡ ಎಂದರು. ಹನ್ನೆರಡಕ್ಕೆ ಕೇಳಿದಾಗ, “ಎಲ್ಲದಕ್ಕೂ ನಿನಗೆ ಕುದುರೆ ಮೇಲೆ ಕೂತ ಅವಸರ” ಎಂದು ರೇಗಿ, ಕರಡಿನ ಕಟ್ಟು ಎತ್ತಿಕೊಂಡು ಹಿಂದಿನ ಕೋಣೆಗೆ ಹೋಗಿಬಿಟ್ಟರು. ಈ ಮನುಷ್ಯನಿಗೆ ಇದ್ದಕ್ಕಿದ್ದಂತೆ ಏನಾಯಿತು ಎಂದು ಅವಳ ತಲೆ ಚಿಟ್ಟು ಹಿಡಿಯಿತು.

ಉತ್ತರ ಅವತ್ತೇ ಮಧ್ಯಾಹ್ನ ಸಿಕ್ಕಿತು. ಕಾಗದದ ಅಂಗಡಿಗೆಂದು ಹೊರಟವಳು ಅಳತೆಯ ಚೀಟಿ ಮರೆತು ಅರ್ಧ ದಾರಿಯಿಂದ ವಾಪಸಾದಳು. ಬೈಂಡರ್ ಅಕ್ಕ ಊಟಕ್ಕೆ ಹೋಗಿದ್ದಳು. ಬಾಗಿಲ ಬಳಿ ಬಂದಾಗ ಮಾವ ಕಂಪ್ಯೂಟರಿನ ಮುಂದೆ ಒಬ್ಬರೇ ಕೂತಿದ್ದರು. ತುಟಿ ಮಿಡುಕುತ್ತಿತ್ತು. ಒಂದೊಂದೇ ಕೀಲಿಯನ್ನು, ಬಿಸಿ ಪಾತ್ರೆ ಮುಟ್ಟುವವರ ಹಾಗೆ, ಅಂಜುತ್ತ ಒತ್ತಿದರು. ತೆರೆಯ ಮೇಲೆ ‘ಪಾಸ್‌ವರ್ಡ್ ತಪ್ಪಾಗಿದೆ’ ಎಂದು ಬಂತು. ಮಾವ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. ಮತ್ತೆ ಒತ್ತಿದರು. ಮತ್ತೆ ಅದೇ. ಆಮೇಲೆ ಅಂಗೈಯಿಂದ ಹಣೆಯನ್ನು ಮೆಲ್ಲಗೆ ಬಡಿದುಕೊಂಡರು, ಒಳಗೆ ಸಿಕ್ಕಿಕೊಂಡ ಏನನ್ನೋ ಉದುರಿಸುವವರಂತೆ.

ಸೊಸೆ ಹೆಜ್ಜೆ ಹಿಂದಿಟ್ಟಳು. ಬೀದಿಗೆ ಇಳಿದು, ಹತ್ತು ಮಾರು ದೂರ ಹೋಗಿ, ಚಪ್ಪಲಿಯನ್ನು ಬೇಕೆಂದೇ ಸದ್ದು ಮಾಡುತ್ತ ಮರಳಿ ಬಂದಳು. ಅಷ್ಟರಲ್ಲಿ ಮಾವ ಕಿಟಕಿಯ ಬಳಿ ನಿಂತು ಹೊರಗೆ ನೋಡುತ್ತಿದ್ದರು.

ಸಂಜೆ ಅವಳು ಕಂಪ್ಯೂಟರ್ ರಿಪೇರಿಯವನ ಅಂಗಡಿಗೆ ಹೋದಳು. ಜೇಬಿನಲ್ಲಿ ಸದಾ ನಾಲ್ಕೈದು ತಿರುಪುಳಿ ಇಟ್ಟುಕೊಂಡು ಓಡಾಡುತ್ತಿದ್ದ ಅವನನ್ನು ಬೀದಿಯವರೆಲ್ಲ ಸ್ಕ್ರೂಡ್ರೈವರ್ ಎಂದೇ ಕರೆಯುತ್ತಿದ್ದರು.

“ಇಷ್ಟೇನಾ? ಹತ್ತು ನಿಮಿಷದ ಕೆಲಸ ಅಕ್ಕ” ಎಂದ ಸ್ಕ್ರೂಡ್ರೈವರ್. “ನನ್ನ ಹತ್ರ ಒಂದು ಪೆನ್‌ಡ್ರೈವ್ ಇದೆ. ಅದರಿಂದ ಮಷೀನ್ ಎಬ್ಬಿಸಿದ್ರೆ ಹಳೇ ಪಾಸ್‌ವರ್ಡೇ ಅಳಿಸಿ ಹೋಗುತ್ತೆ. ಯಜಮಾನರು ಊಟಕ್ಕೆ ಹೋದಾಗ ಬರ್ತೀನಿ. ಅವರಿಗೆ ಗೊತ್ತಾಗೋದೇ ಇಲ್ಲ.”

ಸೊಸೆ ಕುರ್ಚಿಯ ತುದಿಯಲ್ಲಿ ಕೂತು ಯೋಚಿಸಿದಳು. ಕೆಲಸ ಆಗುತ್ತದೆ, ನಿಜ. ಆದರೆ ನಾಳೆ ಮಾವ ಬಂದು ತಮಗೆ ನೆನಪಾದದ್ದನ್ನೆಲ್ಲ ಒತ್ತಿ ನೋಡುತ್ತಾರೆ. ಯಾವುದೂ ಒಪ್ಪುವುದಿಲ್ಲ. ಒಂದು ವೇಳೆ ಸರಿಯಾದದ್ದೇ ನೆನಪಾದರೂ ಅದೂ ತಪ್ಪು ಎನ್ನುತ್ತದೆ ಯಂತ್ರ. ಆಗ ತಲೆ ಕೆಟ್ಟಿರುವುದು ತಮ್ಮದೇ ಎಂದು ಆ ಮುದುಕರು ತೀರ್ಮಾನಿಸಿಬಿಡುತ್ತಾರೆ.

“ಬೇಡ” ಎಂದಳು. “ಅವರ ಮನೆಗೆ ಅವರನ್ನ ಬಿಟ್ಟು ಹಿತ್ತಲಿಂದ ನುಗ್ಗೋಕಾಗಲ್ಲ. ಅವರ ಕೈಯಿಂದಲೇ ತೆಗೆಸಬೇಕು. ಬೇರೆ ದಾರಿ ಇದ್ರೆ ಹೇಳು.”

ಸ್ಕ್ರೂಡ್ರೈವರ್ ತಲೆ ಕೆರೆದುಕೊಂಡ. “ಖಾತೆ ಮಾಡೋವಾಗ ಮೂರು ಪ್ರಶ್ನೆ ಕೇಳಿರುತ್ತೆ. ಅದಕ್ಕೆ ಕೊಟ್ಟ ಉತ್ತರ ಸರಿಯಾಗಿ ಹೇಳಿದ್ರೆ ಅದೇ ಹೊಸ ಪಾಸ್‌ವರ್ಡ್ ಹಾಕೋಕೆ ಬಿಡುತ್ತೆ. ಆದರೆ ಅಕ್ಷರ ಅಕ್ಷರಕ್ಕೂ ಸರಿ ಇರಬೇಕು. ಪಾಸ್‌ವರ್ಡೇ ಮರೆತವರು ಅದನ್ನ ನೆನಪಿಟ್ಟಿರ್ತಾರಾ?”

“ನೋಡೋಣ” ಎಂದು ಅವಳು ಎದ್ದಳು.

ಗುರುವಾರ ಬೆಳಿಗ್ಗೆ ಪ್ರೆಸ್ಸಿನ ಬಾಗಿಲಿಗೆ ‘ಮುಚ್ಚಿದೆ’ ಎಂಬ ಹಲಗೆ ತೂಗುಹಾಕಿ, ಒಳಗಿನಿಂದ ಚಿಲಕ ಹಾಕಿದಳು. ಬೈಂಡರ್ ಅಕ್ಕನಿಗೆ ಹನ್ನೊಂದಕ್ಕೆ ಬಾ ಎಂದು ಮೊದಲೇ ಹೇಳಿಯಾಗಿತ್ತು. ಮಾವ ಹುಬ್ಬೇರಿಸಿದರು.

“ಮಾವ, ಪಾಸ್‌ವರ್ಡ್ ಮರೆತಿದೆ ಅಲ್ವಾ?”

ಮಾವನ ಮುಖ ಕೆಂಪೇರಿತು.

“ಯಾರು ಹೇಳಿದ್ದು? ನನಗೇನು ಅರಳುಮರಳು ಅಂದ್ಕೊಂಡ್ಯಾ? ನೀನು ಈ ಮನೆಗೆ ಕಾಲಿಡೋಕೆ ಮೊದಲೇ ಈ ಪ್ರೆಸ್ ನಡೆಸಿದೋನು ನಾನು. ಒಂದು ಕಾಲದಲ್ಲಿ ಇಡೀ ಪುಟದ ಮೊಳೆನ ತಲೆಕೆಳಗಾಗಿ ಓದ್ತಿದ್ದೆ, ಗೊತ್ತಾ?”

“ಗೊತ್ತು ಮಾವ.”

“ಮತ್ತೆ? ನಿನಗೆ ಅಡ್ಮಿನ್ ಆಗಬೇಕು. ಅದಕ್ಕೆ ಈ ನಾಟಕ.”

“ಆಗಬೇಕು” ಎಂದಳು ಅವಳು. ಧ್ವನಿ ಏರಲಿಲ್ಲ, ಇಳಿಯಲೂ ಇಲ್ಲ. “ಸುಳ್ಳು ಹೇಳಲ್ಲ, ಆಗಲೇಬೇಕು. ನಿಮಗೆ ಜ್ವರ ಬಂದ ದಿನ ಈ ಪ್ರೆಸ್ಸಿಗೂ ಜ್ವರ ಬರೋ ಹಾಗಿರಬಾರದು. ಆದರೆ ಅದು ಆಮೇಲಿನ ಮಾತು. ನಾಳೆ ಮಧ್ಯಾಹ್ನ ಮುನ್ನೂರು ಜನ ಬಸುರಿಯರ ಕೈಗೆ ಪುಸ್ತಕ ಹೋಗಬೇಕು. ರಿಪೇರಿಯವನು ನಿಮಗೆ ತಿಳೀದ ಹಾಗೆ ಬಂದು ಬೀಗ ಒಡೆದು ಕೊಡ್ತೀನಿ ಅಂದ. ನಾನು ಬೇಡ ಅಂದೆ. ಬನ್ನಿ, ಇಬ್ಬರೂ ಕೂತ್ಕೊಳ್ಳೋಣ.”

ಮಾವ ಗೋಡೆಯ ಕಡೆ ತಿರುಗಿ ನಿಂತರು. ತಿರುಗಿದಾಗ ಕೋಪ ಇಳಿದಿತ್ತು. ಅದರ ಜಾಗದಲ್ಲಿದ್ದುದನ್ನು ನೋಡಲು ಅವಳಿಗೆ ಕಷ್ಟವಾಯಿತು.

“ಹದಿನೈದು ದಿನ ಆಯ್ತಮ್ಮ” ಎಂದರು. “ನಾಲಿಗೆ ತುದೀಲಿ ಇದೆ ಅನ್ಸುತ್ತೆ. ಕೂತ್ರೆ ಬರಲ್ಲ. ಒಂದೊಂದು ಸಲ ಬೀದಿ ಹೆಸರೂ ಹಾಗೇ ಜಾರುತ್ತೆ.”

“ಅದಕ್ಕೆ ಡಾಕ್ಟರ ಹತ್ರ ಹೋಗೋಣ. ಮೊದಲು ಇದು.”

ಅವಳು ಕುರ್ಚಿ ಎಳೆದು ಕೊಟ್ಟಳು. ಎರಡು ಸಲ ತಪ್ಪು ಪಾಸ್‌ವರ್ಡ್ ಒತ್ತಿದ ಮೇಲೆ ಕೆಳಗೆ ‘ಪಾಸ್‌ವರ್ಡ್ ಬದಲಿಸಿ’ ಎಂಬ ಸಾಲು ಕಾಣಿಸಿತು. ಅದನ್ನು ಒತ್ತಿದೊಡನೆ ಮೂರು ಪ್ರಶ್ನೆಗಳು ಬಂದವು. ನೀವು ಮೊದಲು ಸಾಕಿದ ಪ್ರಾಣಿಯ ಹೆಸರೇನು? ಚಿಕ್ಕಂದಿನಲ್ಲಿ ನಿಮ್ಮನ್ನು ಕರೆಯುತ್ತಿದ್ದ ಅಡ್ಡಹೆಸರೇನು? ನಿಮ್ಮ ದೊಡ್ಡಪ್ಪ ಚಿಕ್ಕಪ್ಪಂದಿರ ಮಕ್ಕಳಲ್ಲಿ ಎಲ್ಲರಿಗಿಂತ ಹಿರಿಯರು ಯಾರು?

ಮಾವನ ಮುಖ ಇದ್ದಕ್ಕಿದ್ದಂತೆ ಅರಳಿತು. “ಡಬ್ಬಿ!” ಎಂದರು. “ಆಮೆ. ಬಾವಿ ಹತ್ರ ಸಿಕ್ಕಿತ್ತು. ಮುಟ್ಟಿದ್ರೆ ಮುಚ್ಚಿಕೊಳ್ತಿತ್ತು, ಅದಕ್ಕೇ ಡಬ್ಬಿ.” ಹಿರಿಯಳು ಪುಟ್ಟಕ್ಕ, ಹೆಸರಿಗೆ ಮಾತ್ರ ಪುಟ್ಟ, ಎತ್ತಿನ ಹಾಗಿದ್ದಳು ಎಂದು ಅದನ್ನೂ ತಡವರಿಸದೆ ಹೇಳಿದರು. ಅಡ್ಡಹೆಸರಿಗೆ ಬಂದಾಗ ಮಾತ್ರ ಗಂಟಲು ಸರಿಮಾಡಿಕೊಂಡರು.

“ನೀನು ಸ್ವಲ್ಪ ಆಚೆ ತಿರುಗು.”

“ಮಾವ, ಇದೇನು ಪಾಸ್‌ವರ್ಡ್ ಅಲ್ಲವಲ್ಲ.”

“ಅದಕ್ಕಿಂತ ಕಡೆ.” ಬೇರೆ ದಾರಿ ಕಾಣದೆ, “ಗೊಣ್ಣೆ” ಎಂದರು.

ಅವಳು ಕೆಳದುಟಿ ಕಚ್ಚಿ ಹಿಡಿದಳು. ಆದರೂ ನಗು ಮೂಗಿನಿಂದ ಹೊರಗೆ ಬಂತು. ಮಾವನೂ ನಕ್ಕುಬಿಟ್ಟರು, ವಾರದಲ್ಲಿ ಮೊದಲ ಸಲ.

ಮೂರನ್ನೂ ಕನ್ನಡದಲ್ಲಿ ಟೈಪು ಮಾಡಿದರು. ಒಪ್ಪಲಿಲ್ಲ. ‘ಒಂದು ಅಥವಾ ಹೆಚ್ಚು ಉತ್ತರಗಳು ತಪ್ಪಾಗಿವೆ’ ಎಂದಿತು, ಯಾವುದೆಂದು ಹೇಳಲಿಲ್ಲ. ಪುಟ್ಟಕ್ಕನ ಅಕ್ಕ ತೆಗೆದು ಬರೀ ಪುಟ್ಟಿ ಎಂದು ಹಾಕಿದರು. ಇಲ್ಲ. ಡಬ್ಬಿಗೆ ದೀರ್ಘ ಎಳೆದರು. ಇಲ್ಲ. ಮಾವನ ಭುಜ ಮತ್ತೆ ಕುಸಿಯತೊಡಗಿತು. “ಬಿಡಮ್ಮ, ಇದೂ ಮರೆತಿದೆ. ಅವನನ್ನೇ ಕರೆಸು.”

“ನಿಮಗೆ ಇದು ಮರೆತಿಲ್ಲ. ಮರೆತವರು ಹೀಗೆ ಹೇಳಲ್ಲ” ಎಂದಳು ಅವಳು. ಎದ್ದು ಎರಡು ಸುತ್ತು ನಡೆದಳು. ಕಂಪ್ಯೂಟರ್ ಬಂದ ದಿನವನ್ನು ನೆನಪಿಗೆ ತಂದುಕೊಂಡಳು. ಮಾವ ಗೊಣಗುತ್ತಿದ್ದರು. ಯಾಕೆ? ಕನ್ನಡ ಬರುತ್ತಿಲ್ಲ ಎಂದು. ಕನ್ನಡದ ಕೀಲಿಮಣೆಯನ್ನು ಸ್ಕ್ರೂಡ್ರೈವರ್ ಬಂದು ಹಾಕಿದ್ದು ಮೂರನೆಯ ದಿನ. ಖಾತೆ ಮಾಡಿದ್ದು ಮೊದಲನೆಯ ದಿನ.

“ಮಾವ, ಅವತ್ತು ಇದರಲ್ಲಿ ಕನ್ನಡವೇ ಇರಲಿಲ್ಲ! ಇಂಗ್ಲಿಷಲ್ಲೇ ಒತ್ತಿರಬೇಕು.”

“ಇಂಗ್ಲಿಷಲ್ಲಿ ಗೊಣ್ಣೆನ ನಾನು ಹೇಗೆ ಬರೆದೆ ಅಂತ ಯಾರಿಗೆ ಗೊತ್ತು?”

ಅವಳು ತೆರೆಯ ಮೂಲೆಯಲ್ಲಿ ಭಾಷೆಯನ್ನು ಇಂಗ್ಲಿಷಿಗೆ ಬದಲಿಸಿದಳು. ಆಮೇಲೆ ತೆರೆಗೆ ಅಡ್ಡವಾಗಿ ಒಂದು ರಟ್ಟು ಹಿಡಿದಳು. “ನಿಮ್ಮ ಬೆರಳು ಕನ್ನಡದ ಅಭ್ಯಾಸದಲ್ಲೇ ಓಡಿರುತ್ತೆ, ಮಷೀನು ಅದನ್ನ ಇಂಗ್ಲಿಷ್ ಅಂದ್ಕೊಂಡಿರುತ್ತೆ. ತೆರೆ ನೋಡಬೇಡಿ. ಯೋಚನೆ ಮಾಡಬೇಡಿ. ಕರಡಿನಲ್ಲಿ ಈ ಪದ ಬಂದಿದೆ ಅಂದ್ಕೊಂಡು ಕನ್ನಡದಲ್ಲಿ ಟೈಪ್ ಮಾಡೋ ಹಾಗೇ ಮಾಡಿ. ಡಬ್ಬಿ.”

ಮಾವನ ಬೆರಳುಗಳು ಓಡಿದವು. ಬುಧವಾರ ಅಂಜಿ ಅಂಜಿ ಒತ್ತಿದ ಬೆರಳುಗಳು ಇವೇ ಎಂದು ಹೇಳುವಂತಿರಲಿಲ್ಲ. ತೆರೆಯ ಮೇಲೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಮೂಡಿತು. ಡ ಇರಬೇಕಾದಲ್ಲಿ ಡಬ್ಲ್ಯೂ, ಒತ್ತಕ್ಷರ ಬರಬೇಕಾದಲ್ಲೆಲ್ಲ ಒಂದು ಎಫ್. ಯಾವ ಭಾಷೆಯವರೂ ಓದಲಾಗದ ಪದ. ಆಮೇಲೆ ಗೊಣ್ಣೆ. ಆಮೇಲೆ ಪುಟ್ಟಕ್ಕ.

ತೆರೆ ಒಂದು ಕ್ಷಣ ಖಾಲಿಯಾಯಿತು. ‘ಹೊಸ ಪಾಸ್‌ವರ್ಡ್ ನೀಡಿ’ ಎಂದಿತು.

ಮಾವ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಅವನ್ನೇ ನೋಡುತ್ತ ಕೂತರು. “ಬೆರಳಿಗೆ ನೆನಪಿತ್ತು” ಎಂದರು. ಕಣ್ಣು ಒರೆಸಿಕೊಳ್ಳುವುದನ್ನು ಕನ್ನಡಕ ಒರೆಸುವ ನೆಪದಲ್ಲಿ ಮುಗಿಸಿದರು.

ಹೊಸ ಪಾಸ್‌ವರ್ಡನ್ನು ಅವರೇ ಆರಿಸಿದರು. ಅವಳ ಒತ್ತಾಯಕ್ಕೆ ಅದನ್ನು ಚೀಟಿಯಲ್ಲಿ ಬರೆದು ಲಕೋಟೆಗೆ ಹಾಕಿ ಮನೆಯ ಕಬ್ಬಿಣದ ಪೆಟ್ಟಿಗೆಯಲ್ಲಿಡಲು ಒಪ್ಪಿದರು. ಆಮೇಲೆ ಅವಳು ಕೇಳುವ ಮೊದಲೇ ಬಳಕೆದಾರರ ಪುಟ ತೆರೆದು ಇನ್ನೊಂದು ನಿರ್ವಾಹಕ ಖಾತೆ ಮಾಡಿದರು. “ಇದು ನಿನಗೆ. ದಿನದ ಕೆಲಸ ಮಾತ್ರ ನಿನ್ನ ಹಳೇ ಖಾತೇಲೇ ಮಾಡು. ಅಡ್ಮಿನ್ ಆಗಿ ಕೂತು ಇಂಟರ್ನೆಟ್ ತೆಗೆಯೋದು ಅಂದ್ರೆ ಮನೆ ಬೀಗದಕೈ ಬಾಗಿಲಿಗೇ ನೇತುಹಾಕಿ ಮಲಗಿದ ಹಾಗೆ.”

“ಗೊತ್ತು ಮಾವ. ನೀವೇ ಹೇಳಿಕೊಟ್ಟಿದ್ದು.”

ಹನ್ನೊಂದಕ್ಕೆ ಬೈಂಡರ್ ಅಕ್ಕ ಬಾಗಿಲು ತಟ್ಟುವಷ್ಟರಲ್ಲಿ ಪ್ರಿಂಟರ್ ಗರಗರ ಹಾಳೆ ಉಗುಳುತ್ತಿತ್ತು. ಶುಕ್ರವಾರ ಹನ್ನೆರಡೂವರೆಗೆ ಮುನ್ನೂರು ಕೈಪಿಡಿಗಳು, ಇನ್ನೂ ಬೆಚ್ಚಗಿರುವಾಗಲೇ, ಹೆಡ್ ನರ್ಸ್ ತಂದಿದ್ದ ಆಟೋದೊಳಗೆ ಕೂತವು.

ಕಥೆ ಇಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಸೊಸೆಯೂ ಹಾಗೇ ಅಂದುಕೊಂಡಿದ್ದಳು.

ಕೈಪಿಡಿಯ ಗಲಾಟೆ ಮುಗಿದ ಮೇಲೆ ಅವಳು ಬೈಂಡರ್ ಅಕ್ಕನಿಗೂ ಒಂದು ಸಾಧಾರಣ ಖಾತೆ ಮಾಡಿಕೊಟ್ಟಳು. ಅಕ್ಕನಿಗೆ ಐವತ್ತರ ಹತ್ತಿರ. ಹೊಲಿಗೆ ಇಲ್ಲದ ಹೊತ್ತಿನಲ್ಲಿ ಟೈಪು ಕಲಿಯುತ್ತೇನೆ ಎಂದು ತಾನಾಗಿಯೇ ಮುಂದೆ ಬಂದಿದ್ದಳು. ಆರು ವಾರದಲ್ಲಿ ಕೈ ಕೂತಿತ್ತು. ಶಾಲೆಯೊಂದರ ವಾರ್ಷಿಕ ಸಂಚಿಕೆಯನ್ನು ಅವಳೊಬ್ಬಳೇ ಟೈಪು ಮಾಡುತ್ತಿದ್ದಳು. ಮಕ್ಕಳ ಕವಿತೆ ಟೈಪು ಮಾಡುವಾಗ ತಾನೇ ಗಟ್ಟಿಯಾಗಿ ಓದಿಕೊಂಡು ಹಿಗ್ಗುತ್ತಿದ್ದಳು.

ಒಂದು ಗುರುವಾರ ಬೆಳಿಗ್ಗೆ ಬಂದು ನೋಡಿದರೆ ತೆರೆಯ ಮೇಲೆ ಅವಳ ಖಾತೆಯೇ ಇರಲಿಲ್ಲ.

“ನನ್ನ ಹೆಸರು ಎಲ್ಲಿ ಹೋಯ್ತು?” ಎಂದಳು ಅಕ್ಕ.

ಮಾವ ಕರಡಿನಿಂದ ತಲೆ ಎತ್ತಿದರು. “ಯಾವುದೋ ಗುರುತಿಲ್ಲದ ಖಾತೆ ಕೂತಿತ್ತು. ಯಾರೋ ಹೊರಗಿನವರು ನುಗ್ಗಿದಾರೆ ಅಂತ ನಿನ್ನೆ ಸಂಜೆ ತೆಗೆದುಹಾಕಿದೆ. ಕಡತಗಳನ್ನೂ ಅಳಿಸಲಾ ಅಂತ ಕೇಳ್ತು. ಅಳಿಸು ಅಂದೆ.” ಹೇಳುತ್ತ ಹೇಳುತ್ತ ಅಕ್ಕನ ಮುಖ ನೋಡಿದರು. ಸೊಸೆಯ ಮುಖ ನೋಡಿದರು.

ಸೊಸೆ ಪ್ರತಿ ಶನಿವಾರ ಎಲ್ಲವನ್ನೂ ಬೇರೊಂದು ಡಿಸ್ಕಿಗೆ ನಕಲು ಮಾಡಿಡುತ್ತಿದ್ದಳು. ಹಾಗಾಗಿ ಹೋದದ್ದು ಸೋಮವಾರದಿಂದ ಬುಧವಾರದ ತನಕದ ಕೆಲಸ ಮಾತ್ರ. ಆದರೆ ಆ ಮೂರು ದಿನ ಅಕ್ಕನ ಬೆರಳಿನ ಬೆವರು. ಅವಳು ಜಗಳವಾಡಲಿಲ್ಲ. ಹೊಲಿಗೆಯ ಮೂಲೆಗೆ ಹೋಗಿ ಬೆನ್ನು ತಿರುಗಿಸಿ ಕೂತಳು. ಮಾವ ಹೋಗಿ ಅವಳ ಎದುರು ನಿಂತು, “ತಪ್ಪಾಯ್ತು ತಾಯಿ” ಎಂದರು. ಆಮೇಲೆ ಮಕ್ಕಳ ಕೈಬರಹದ ಹಾಳೆಗಳ ಕಟ್ಟನ್ನು ಎತ್ತಿಕೊಂಡು ಬಂದು ತಾವೇ ಕೂತು, ಸಂಜೆ ಆರರವರೆಗೆ ಕುರ್ಚಿಯಿಂದ ಏಳದೆ, ಹೋದದ್ದರಲ್ಲಿ ಮುಕ್ಕಾಲು ಪಾಲು ಮತ್ತೆ ಟೈಪು ಮಾಡಿದರು.

ಅವತ್ತು ಮನೆಗೆ ಹೋಗಿ ಸೊಸೆ ಗಂಡನಿಗೆ ಹೇಳಿದಳು. ಅವನು ನೀರು ಸರಬರಾಜಿನ ಕಚೇರಿಯಲ್ಲಿ ಕೆಲಸ ಮಾಡುವವನು, ಪ್ರೆಸ್ಸಿನ ವಿಷಯಕ್ಕೆ ತಲೆ ಹಾಕದವನು.

“ಮಾವನ ಅಡ್ಮಿನ್ ತೆಗೀಬೇಕು ರೀ.”

“ತೆಗಿ. ಆದ್ರೆ ಹೇಳಬೇಡ. ಸುಮ್ಮನೆ ಬದಲಾಯಿಸಿಬಿಡು. ದಿನಾ ಅವರು ಅದನ್ನ ನೋಡ್ತಾರಾ? ಯಾಕೆ ನೋಯಿಸ್ತೀಯ?”

“ಒಂದಲ್ಲ ಒಂದು ದಿನ ಬೇಕಾಗುತ್ತೆ. ಒತ್ತುತಾರೆ, ಆಗಲ್ಲ. ಮತ್ತೆ ಹಣೆ ಬಡಿದುಕೊಂಡು ಕೂತಿರ್ತಾರೆ, ಮರೆತೆ ಅಂದ್ಕೊಂಡು. ಆ ಚಿತ್ರ ನಾನು ಒಂದು ಸಲ ನೋಡಿದೀನಿ. ಇನ್ನೊಂದು ಸಲ ನೋಡಲ್ಲ. ಮುಖ ನೋಡಿಯೇ ಹೇಳ್ತೀನಿ.”

ಗಂಡ ನಿಟ್ಟುಸಿರಿಟ್ಟ. “ನಿನ್ನ ಹಟ ನಿನಗೆ.”

“ಹಟವೇ ಅನ್ನಿ.”

ಮಾರನೆಯ ಬೆಳಿಗ್ಗೆ ಪ್ರೆಸ್ಸಿನಲ್ಲಿ ಅವಳು ಮಾವನಿಗೆ ಹೇಳಿದಳು. ಬೆಲ್ಲ ಸವರಲಿಲ್ಲ, ಖಾರವನ್ನೂ ಬೆರೆಸಲಿಲ್ಲ. “ಮಾವ, ನಿಮ್ಮ ಖಾತೆನ ಸಾಧಾರಣ ಖಾತೆ ಮಾಡ್ಬೇಕು ಅಂತಿದೀನಿ. ನಿನ್ನೆ ಆದದ್ದು ಇನ್ನೊಂದು ಸಲ ಆಗಬಾರದು. ನಿಮಗೆ ಹೇಳದೆ ಮಾಡಲ್ಲ. ನಿಮ್ಮೆದುರಿಗೇ ಮಾಡ್ತೀನಿ.”

“ಅಂದ್ರೆ ನನ್ನ ಪ್ರೆಸ್ಸಲ್ಲಿ ನಾನು ನಿನ್ನ ಅಪ್ಪಣೆ ಕೇಳಬೇಕು.”

“ಹೊಸದೇನಾದ್ರೂ ಹಾಕೋಕೆ, ಏನಾದ್ರೂ ಅಳಿಸೋಕೆ ಕೇಳಬೇಕು. ಬರೆಯೋಕೆ, ತಿದ್ದೋಕೆ ಯಾರನ್ನೂ ಕೇಳಬೇಕಿಲ್ಲ.”

“ಐದು ವರ್ಷ ನಾನು ಕಾಪಾಡಿದ್ದು...”

“ನೀವು ಕಾಪಾಡಿದ್ರಿಂದಲೇ ಇದು ಉಳಿದಿರೋದು. ಅದಕ್ಕೇ ಕೇಳ್ತಿದೀನಿ ಮಾವ. ಇದೇ ಕೆಲಸ ನಾನು ಮಾಡಿದ್ದಿದ್ರೆ, ಬೈಂಡರ್ ಅಕ್ಕನ ಮೂರು ದಿನದ ಕೆಲಸ ನಾನು ಅಳಿಸಿದ್ದಿದ್ರೆ, ನೀವೇನು ಮಾಡ್ತಿದ್ರಿ?”

ಮಾವ ಛತ್ರಿ ತೆಗೆದುಕೊಂಡು ಹೊರಟುಹೋದರು. ಅವತ್ತು ಮತ್ತೆ ಬರಲಿಲ್ಲ, ಶನಿವಾರವೂ ಬರಲಿಲ್ಲ. ಮನೆಯಲ್ಲಿ ಊಟಕ್ಕೆ ಕೂತಾಗ ಉಪ್ಪು ಬೇಕಾದರೂ ಮಗನನ್ನು ಕೇಳುತ್ತಿದ್ದರು. ಸೊಸೆ ಎಂದಿನ ಹಾಗೇ ಬಡಿಸಿದಳು, ಎಂದಿನ ಹಾಗೇ ಮಾತಾಡಿಸಿದಳು, ಉತ್ತರ ಬಾರದಿದ್ದರೂ ನಿಲ್ಲಿಸಲಿಲ್ಲ. ಪ್ರೆಸ್ಸಿನಲ್ಲಿ ಬೈಂಡರ್ ಅಕ್ಕ, “ಮುದುಕರು ನೊಂದುಕೊಂಡರೇನೋ. ಹೋಗ್ಲಿ ಬಿಡು, ಇನ್ನೊಂದು ಸಲ ಟೈಪ್ ಮಾಡಿದ್ರಾಯ್ತು” ಎಂದು ಕೂಡ ಅಂದಳು. ಸೊಸೆ ಆಗದು ಎಂದು ತಲೆಯಾಡಿಸಿದಳು. ಅವಳ ಮನಸ್ಸೂ ಆ ಎರಡು ದಿನ ಹಿಂಡಿದಂತಿತ್ತು. ತಾನು ಕಿತ್ತುಕೊಳ್ಳುತ್ತಿರುವುದು ಒಂದು ಅನುಮತಿಯನ್ನೋ, ಒಬ್ಬ ಮನುಷ್ಯನ ಮರ್ಯಾದೆಯನ್ನೋ ಎಂದು ಹಾಸಿಗೆಯಲ್ಲಿ ಹೊರಳಾಡಿದ್ದಳು. ಆದರೂ ಪಟ್ಟು ಸಡಿಲಿಸಲಿಲ್ಲ. ತನ್ನ ಖಾತೆಯಿಂದ ಅದನ್ನು ಬದಲಿಸಲು ಅರ್ಧ ನಿಮಿಷ ಸಾಕಿತ್ತು. ಬದಲಿಸಲೂ ಇಲ್ಲ. ಕಾದಳು.

ಸೋಮವಾರ ಹತ್ತು ಗಂಟೆಗೆ ಮಾವ ಬಂದರು. ಚಪ್ಪಲಿ ಬಿಟ್ಟು, ಛತ್ರಿಯನ್ನು ಮೂಲೆಗಿಟ್ಟು, ಕಂಪ್ಯೂಟರಿನ ಪಕ್ಕದಲ್ಲಿ ನಿಂತರು.

“ಬದಲಾಯಿಸಿದ್ಯಾ?”

“ಇಲ್ಲ. ನಿಮ್ಮೆದುರಿಗೇ ಅಂದಿದ್ದೆ.”

“ಡಾಕ್ಟರ ಹತ್ರ ಹೋಗಿದ್ದೆ ಶನಿವಾರ. ಒಬ್ಬನೇ.” ಅವರು ಜೇಬಿನಿಂದ ಮಾತ್ರೆಯ ಚೀಟಿ ತೆಗೆದು ಮೇಜಿನ ಮೇಲಿಟ್ಟರು. “ಇದು ಶುರು ಅಷ್ಟೇ ಅಂದ್ರು. ನಿಧಾನ ಮಾಡಬಹುದು, ನಿಲ್ಲಿಸೋಕಾಗಲ್ಲ. ಓದ್ತಾ ಬರೀತಾ ಇರಿ ಅಂದ್ರು. ನಾನು ಪ್ರೂಫ್ ರೀಡರ್ ಅಂತ ಹೇಳಿದೆ. ಅದಕ್ಕಿಂತ ಒಳ್ಳೇ ಔಷಧಿ ನನ್ನ ಹತ್ರ ಇಲ್ಲ ಅಂದ್ರು.”

ಸೊಸೆ ಎದ್ದು ಕುರ್ಚಿ ಬಿಟ್ಟುಕೊಟ್ಟಳು. ಮೌಸ್‌ಗೆ ಕೈ ಹಾಕಲು ಹೋದವಳನ್ನು ಮಾವ ತಡೆದರು.

“ಕೊಡು. ನಾನೇ ಒತ್ತುತೀನಿ.”

ಬಳಕೆದಾರರ ಪುಟ ತೆರೆದರು. ತಮ್ಮ ಹೆಸರಿನ ಮುಂದೆ ಹೋಗಿ, ‘ಖಾತೆಯ ಬಗೆ ಬದಲಿಸಿ’ ಎಂಬುದನ್ನು ಗಟ್ಟಿಯಾಗಿ ಓದಿ ಒತ್ತಿದರು. ಎರಡು ಸಾಲು ಬಂದವು. ನಿರ್ವಾಹಕ. ಸಾಧಾರಣ ಬಳಕೆದಾರ. ಮೌಸಿನ ಬಾಣ ಒಂದರಿಂದ ಇನ್ನೊಂದಕ್ಕೆ ಇಳಿಯಲು ಒಂದಿಷ್ಟು ಹೊತ್ತು ತೆಗೆದುಕೊಂಡಿತು. ಹೊಲಿಗೆಯ ಮೂಲೆಯಲ್ಲಿ ಬೈಂಡರ್ ಅಕ್ಕನ ಸೂಜಿಯೂ ನಿಂತಿತ್ತು. ಕೊನೆಗೆ ಸಣ್ಣದೊಂದು ಟಕ್ ಎಂಬ ಸದ್ದು.

“ಆಯ್ತು” ಎಂದರು ಮಾವ. ಒಂದು ದೀರ್ಘ ಉಸಿರು ಬಿಟ್ಟು ಕುರ್ಚಿಗೆ ಒರಗಿದರು. “ಮಾತ್ರೆ ನುಂಗಿದ ಹಾಗೇ ಇದೆ. ಬಾಯಿ ಕಹಿ, ಅಷ್ಟೇ. ಈಗ ಕೆಲಸ ಏನಿದೆ ಕೊಡು. ಸುಮ್ಮನೆ ಕೂತ್ಕೊಳ್ಳೋಕೆ ಬಂದಿಲ್ಲ ನಾನು.”

ಹೆಡ್ ನರ್ಸಿಗೆ ಕೈಪಿಡಿ ಇನ್ನೂ ಐನೂರು ಬೇಕಾಗಿತ್ತು. ಈ ಸಲ ಎಂಟು ಪುಟ ಹೆಚ್ಚು. ಸೊಸೆ ಹೊಸ ಪುಟಗಳ ಕರಡನ್ನು ತಂದು ಅವರ ಮುಂದಿಟ್ಟಳು. ಮಾವ ಕೆಂಪು ಪೆನ್ನಿನ ಮುಚ್ಚಳ ತೆಗೆದರು. ಮೂರು ಪುಟ ಸದ್ದಿಲ್ಲದೆ ಸರಿದವು. ನಾಲ್ಕನೆಯದಕ್ಕೆ ಪೆನ್ನು ಗಕ್ಕನೆ ನಿಂತಿತು.

“ಅಮ್ಮಾ! ಬಾ ಇಲ್ಲಿ. ‘ಮಗುವಿಗೆ ಹಾಲು ಕುಡಿಸಿದ ಮೇಲೆ ಬೆನ್ನು ತಟ್ಟಿ’ ಅಂತ ಇರಬೇಕಾದ್ದು ‘ಬೆನ್ನು ಕಟ್ಟಿ’ ಅಂತ ಇದೆ. ಐನೂರು ಮಕ್ಕಳ ಬೆನ್ನು ಕಟ್ಟಿಸ್ತಿದ್ರಲ್ಲ ಎಲ್ಲರೂ ಸೇರ್ಕೊಂಡು! ಯಾರು ಟೈಪ್ ಮಾಡಿದ್ದು ಇದನ್ನ?”

“ನಾನೇ ಮಾವ.”

“ಚೆನ್ನಾಗಿದೆ” ಎಂದು ಮಾವ ಆ ಕಕಾರದ ಸುತ್ತ ದಪ್ಪಗೆ ಒಂದು ಕೆಂಪು ಸುತ್ತು ಹಾಕಿ, ಪಕ್ಕದ ಅಂಚಿನಲ್ಲಿ ಸ್ಪಷ್ಟವಾಗಿ ‘ತ’ ಎಂದು ಬರೆದು, ಮುಂದಿನ ಪುಟಕ್ಕೆ ಹೋದರು.